ಭಾಗವತಿಕೆಯ ಹುದ್ದೆ ರದ್ದಾದದ್ದು

ಮೊನ್ನೆ ಮತದಾರರ ಗುರುತಿನ ಚೀಟಿ ಹುಡುಕುತ್ತ ಕಬ್ಬಿಣದ ಪೆಟ್ಟಿಗೆಯನ್ನು ತಲೆಕೆಳಗು ಮಾಡಿದೆ. ಚೀಟಿ ಸಿಗಲಿಲ್ಲ. ನಾಲ್ಕಾಗಿ ಮಡಿಸಿದ ಒಂದು ಹಾಳೆ ಸಿಕ್ಕಿತು. ಪೆನ್ಸಿಲಿನಲ್ಲಿ ತುಂಬಿಸಿದ ಅರ್ಜಿಯಂಥ ಹಾಳೆ. ಹೆಸರು, ಎತ್ತರ, ತೂಕ, ಕಣ್ಣಿನ ಬಣ್ಣ, ಎಲ್ಲಕ್ಕೂ ಒಂದೊಂದು ಖಾನೆ. ವಯಸ್ಸಿನ ಖಾನೆಯಲ್ಲಿ ನೂರ ಹನ್ನೆರಡು ಎಂದಿತ್ತು. ಅಕ್ಷರ ಮಾತ್ರ ನನ್ನ ಮಗಳು ಅನಘಾಳದ್ದು, ಅದೂ ಅವಳು ಹೈಸ್ಕೂಲಿನಲ್ಲಿದ್ದಾಗಿನದ್ದು.

ಹೆಂಡತಿ ಜಯಂತಿ ಕನ್ನಡಕ ಏರಿಸಿಕೊಂಡು ನೋಡಿದಳು. “ಇದೆಂತ, ಅವಳ ಪಾಸ್‌ಪೋರ್ಟಿನ ಅರ್ಜಿಯಾ?”

“ನೂರ ಹನ್ನೆರಡು ವರ್ಷದವಳಿಗೆ ಪಾಸ್‌ಪೋರ್ಟು ಯಾರು ಕೊಡ್ತಾರೆ ಮಾರಾಯ್ತಿ?”

“ಓ, ಅದು,” ಎಂದು ಅವಳು ನಕ್ಕು ಒಳಗೆ ಹೋದಳು. ನಾನು ಹಾಳೆ ಹಿಡಿದುಕೊಂಡು ನೆಲದ ಮೇಲೆಯೇ ಕೂತೆ. ‘ಕ್ಲಾಸ್: ಬಾರ್ಡ್. ಲೆವೆಲ್: ಏಳು’ ಎಂದಿತ್ತು. ಗುರುತಿನ ಚೀಟಿ ಇವತ್ತಿನವರೆಗೂ ಸಿಕ್ಕಿಲ್ಲ.

ಆ ಹಾಳೆ ಒಂದು ಆಟದ್ದು. ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಿಬಿಡುತ್ತೇನೆ. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಅವರಲ್ಲೊಬ್ಬ ಕಥೆ ನಡೆಸುವವನು. “ಗುಹೆಯ ಬಾಯಿಗೆ ಬಂದಿದ್ದೀರಿ, ಒಳಗೆ ಏನೋ ಉಸಿರಾಡುತ್ತಿದೆ, ಏನು ಮಾಡುತ್ತೀರಿ?” ಎಂದು ಅವನು ಕೇಳುತ್ತಾನೆ. ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಉತ್ತರ ಕೊಡುತ್ತಾರೆ. ಹೇಳಿದ್ದು ಕೈಗೂಡುತ್ತದೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ಒಂದು ದಾಳ ತೀರ್ಮಾನಿಸುತ್ತದೆ. ಪ್ರತಿ ಪಾತ್ರಕ್ಕೂ ಒಂದು ಕ್ಲಾಸ್ ಇರುತ್ತದೆ. ಯೋಧ, ಮಾಂತ್ರಿಕ, ಪುರೋಹಿತ, ಕಳ್ಳ, ಗಾಯಕ, ಹೀಗೆ. ಎಂಟು ಹತ್ತು ವರ್ಷಕ್ಕೊಮ್ಮೆ ಆಟದ ನಿಯಮಗಳೆಲ್ಲ ತಿದ್ದುಪಡಿಯಾಗಿ ಹೊಸ ಎಡಿಷನ್ ಬರುತ್ತದೆ. ಬಂದ ಮರುದಿನದಿಂದ ಹಳೆಯದೇ ಚೆನ್ನಾಗಿತ್ತು ಎನ್ನುವವರ ಜಗಳ ಶುರುವಾಗುತ್ತದೆ. ಆಟದ ಹೆಸರು ಹೇಳುವುದಿಲ್ಲ. ಗೊತ್ತಿದ್ದವರು ಈಗಾಗಲೇ ನನ್ನ ತಪ್ಪು ಹುಡುಕಲು ಕೂತಿರುತ್ತಾರೆ.

ಕ್ಲಾಸ್ ಎಂದರೆ ನಿಮಗೆ ಶಾಲೆಯ ಕೋಣೆ ನೆನಪಾದೀತು, ರೈಲಿನ ಡಬ್ಬಿ ನೆನಪಾದೀತು. ನಾನು ಕೇಂದ್ರ ಸರಕಾರದ ಒಂದು ಕಚೇರಿಯ ಎಸ್ಟಾಬ್ಲಿಷ್‌ಮೆಂಟ್ ಸೆಕ್ಷನ್ನಿನಲ್ಲಿ ತಲೆ ನರೆಸಿಕೊಂಡವನು. ಯಾರು ಕ್ಲಾಸ್ ಟೂ, ಯಾರು ಕ್ಲಾಸ್ ತ್ರೀ, ಯಾವುದರಿಂದ ಯಾವುದಕ್ಕೆ ಎಷ್ಟು ವರ್ಷಕ್ಕೆ ಬಡ್ತಿ, ಯಾರಿಗಿಂತ ಯಾರು ಸೀನಿಯರ್, ಇದೇ ನನಗೆ ಅನ್ನ ಹಾಕಿದ ವಿದ್ಯೆ. ಹಾಗಾಗಿ ಕ್ಲಾಸ್ ಎಂಬುದು ನನ್ನ ಮಟ್ಟಿಗೆ ಆಟದ ಮಾತಲ್ಲ.

ಎರಡು ಸಾವಿರದ ದಶಕದ ಮೊದಲ ವರ್ಷಗಳಲ್ಲಿ ನನಗೆ ಮಂಗಳೂರಿನಿಂದ ಕೊಚ್ಚಿಗೆ ವರ್ಗವಾಯಿತು. ಕಾಸರಗೋಡಿನ ಕಡೆಯವನು, ಮಲಯಾಳ ಬರುತ್ತದೆ ಎಂಬ ಹಮ್ಮು ಬೇರೆ ಇತ್ತು. ಮೊದಲ ವಾರವೇ ಅದು ಇಳಿಯಿತು. ನಮ್ಮ ಕಡೆಯ ಮಲಯಾಳದಲ್ಲಿ ನಾಯಿಗೆ ನಾಯಿ ಎಂದೇ ಹೇಳುವುದು. ತೆಂಕಣದವರು ಪಟ್ಟಿ ಎನ್ನುತ್ತಾರೆಂದು ನನಗೆ ಯಾರೂ ಹೇಳಿರಲಿಲ್ಲ. ನಾನು ಸೂಪರಿಂಟೆಂಡೆಂಟ್ ಮೇಡಮ್ಮಿನ ಮುಂದೆ ನಿಂತು ವಿನಯದಿಂದ “ಸೀನಿಯರ್ ಪಟ್ಟಿ ಎವಿಡೆ?” ಎಂದು ಕೇಳಿದೆ. ಹಿರಿಯರ ಯಾದಿ ಎಲ್ಲಿದೆ ಎಂಬುದು ನನ್ನ ಪ್ರಶ್ನೆ. ಹಿರಿಯ ನಾಯಿ ಎಲ್ಲಿ ಎಂಬುದು ಅವರ ಕಿವಿಗೆ ಬಿದ್ದದ್ದು. ಆಕೆ ಸಾಹೇಬರ ಖಾಲಿ ಕೋಣೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ, “ಲೀವಿಲಾ” ಎಂದರು, ರಜೆಯಲ್ಲಿ ಎಂದು. ಆ ದಿನದಿಂದ ಕಚೇರಿಯಲ್ಲಿ ನನಗೆ ಧೈರ್ಯಶಾಲಿ ಎಂಬ ಹೆಸರು ಬಂತು.

ಅದೇ ವರ್ಷ ಇಲಾಖಾ ಪರೀಕ್ಷೆಗೆ ಓದಬೇಕಾಗಿತ್ತು. ನಿಯಮಾವಳಿಯ ಹಳೆ ಪ್ರತಿ ಸಿಕ್ಕರೆ ಸಾಕೆಂದು ಎರ್ನಾಕುಳಂನ ಫುಟ್‌ಪಾತಿನ ಹಳೆ ಪುಸ್ತಕದವನ ಹತ್ತಿರ ಹೋದೆ. ರೂಲ್ಸ್ ಬುಕ್ಕು ಬೇಕು, ಕ್ಲಾಸು, ಪ್ರಮೋಷನ್ನು ಎಲ್ಲ ಇರುವಂಥದ್ದು ಎಂದೆ. ಅವನು ರಾಶಿಯ ಅಡಿಯಿಂದ ಕಂದು ಕಾಗದ ಹೊದಿಸಿದ ದಪ್ಪ ಪುಸ್ತಕವೊಂದನ್ನು ಎಳೆದು ನಡುವೆ ತೆರೆದ. ಪುಟ ತುಂಬ ಕೋಷ್ಟಕ. “ರೂಲ್ಸ್ ಬುಕ್ಕಲ್ಲೇ ಸಾರೇ, ಇದಾ,” ಎಂದ. ರೂಲ್ಸ್ ಬುಕ್ಕು ತಾನೇ, ಇಗೋ ಎಂದು ಅರ್ಥ. ಕ್ಲಾಸ್ ಎಂಬ ಅಕ್ಷರ ಕಂಡಿತು, ಲೆವೆಲ್ ಎಂಬ ಅಕ್ಷರ ಕಂಡಿತು. ತಂದುಬಿಟ್ಟೆ. ಮನೆಯಲ್ಲಿ ಮೊದಲ ಪುಟ ತೆರೆದರೆ ಕೋರೆಹಲ್ಲಿನ ಒಬ್ಬ ರಾಕ್ಷಸ ನನ್ನನ್ನೇ ನೋಡುತ್ತಿದ್ದ. ಮರುದಿನ ಹಿಂದಿರುಗಿಸಲು ಹೋದರೆ ಪುಸ್ತಕದವನು “ಸಾರಮಿಲ್ಲ ಸಾರೇ” ಎಂದು ಕೈ ಆಡಿಸಿದ. ಪರವಾಗಿಲ್ಲ ಎಂದು ಅರ್ಥ. ಸಾರವಿಲ್ಲದ ಪುಸ್ತಕ ಮಾರಿ ಸಾರವಿಲ್ಲ ಎಂದು ಅವನೇ ಒಪ್ಪಿಕೊಂಡಂತೆ ನನಗೆ ಕೇಳಿಸಿತು.

ಯಾವನೋ ಹಡಗಿನವನು ಮಾರಿ ಹೋದ, ಆ ಆಟದ ತೀರಾ ಹಳೆಯ ಎಡಿಷನ್ ಅದು. ಪರೀಕ್ಷೆಗೆ ಓದುವ ಬದಲು ಅದನ್ನೇ ಓದಿದೆ. ಏನು ಹೇಳಲಿ, ಅದನ್ನು ಬರೆದವರು ಖಂಡಿತ ಯಾವುದೋ ಎಸ್ಟಾಬ್ಲಿಷ್‌ಮೆಂಟ್ ಸೆಕ್ಷನ್ನಿನಲ್ಲಿ ಪಳಗಿದವರು. ಪ್ರತಿ ಕ್ಲಾಸಿಗೂ ಬಡ್ತಿಯ ಪ್ರತ್ಯೇಕ ಕೋಷ್ಟಕ. ಕಳ್ಳನಿಗೆ ಬೇಗ ಬೇಗ ಬಡ್ತಿ, ಇದು ನಾನು ಕಂಡ ಲೋಕಕ್ಕೂ ಸರಿಯಾಗಿಯೇ ಇತ್ತು. ಮಾಂತ್ರಿಕನಿಗೆ ಶುರುವಿನಲ್ಲಿ ದಿನಕ್ಕೆ ಒಂದೇ ಮಂತ್ರ, ಬೆಕ್ಕು ಪರಚಿದರೂ ಸಾಯುವಷ್ಟು ಪ್ರಾಣ. ಎಲ್ಫುಗಳೆಂಬ ಚೂಪು ಕಿವಿಯ ದೀರ್ಘಾಯುಷಿಗಳು ಸಾವಿರ ವರ್ಷ ಬದುಕಿದರೂ ಹೆಚ್ಚಿನ ಕ್ಲಾಸುಗಳಲ್ಲಿ ಇಂತಿಷ್ಟು ಮೆಟ್ಟಿಲಿನ ಮೇಲೆ ಏರುವಂತಿಲ್ಲ. ಕಾಡಿನ ಪುರೋಹಿತರಲ್ಲಿ ಕಟ್ಟಕಡೆಯ ಮೇಲಿನ ಹುದ್ದೆ ಒಂದೇ ಒಂದು ಮಂಜೂರಾದದ್ದು. ಅದು ಬೇಕಾದರೆ ಅಲ್ಲಿ ಕೂತವನನ್ನು ಕಾಳಗದಲ್ಲಿ ಸೋಲಿಸಬೇಕು. ನಮ್ಮ ಕಚೇರಿಯಲ್ಲಿ ಅಂಥದೇ ಒಂದು ಹುದ್ದೆಗೆ ಹದಿಮೂರು ವರ್ಷ ಕಾದು ಕೂತ ಒಬ್ಬರಿಗೆ ಈ ನಿಯಮವನ್ನು ಓದಿ ಹೇಳಿದೆ. ಅವರು ಆ ಪುಟದ ಜೆರಾಕ್ಸ್ ಸಿಗಬಹುದೇ ಎಂದು ಕೇಳಿದರು.

ಎಲ್ಲಕ್ಕಿಂತ ಸೊಗಸು ಗಾಯಕನ ಕ್ಲಾಸು. ಬಾರ್ಡ್ ಆಗಬೇಕಾದವನು ನೇರ ಭರ್ತಿಯಾಗುವಂತಿಲ್ಲ. ಮೊದಲು ಯೋಧನಾಗಿ ಕೆಲವು ಮೆಟ್ಟಿಲು ಏರಬೇಕು. ಆಮೇಲೆ ಅದನ್ನು ಬಿಟ್ಟು ಕಳ್ಳನಾಗಬೇಕು. ಆಮೇಲೆ ಅದನ್ನೂ ಬಿಟ್ಟು ಕಾಡಿನ ಪುರೋಹಿತರ ಬಳಿ ಶಿಷ್ಯವೃತ್ತಿ. ಆಗ ಅವನು ಬಾರ್ಡ್. ಅದನ್ನು ಓದಿದಾಗ ನನಗೆ ನಮ್ಮೂರಿನ ಯಕ್ಷಗಾನದಲ್ಲಿ ಹಾಡಿ ಪ್ರಸಂಗ ನಡೆಸುವ ಭಾಗವತರು ಕಣ್ಣಿಗೆ ಕಟ್ಟಿದರು. ನಮ್ಮಲ್ಲಿಯೂ ಮೆಟ್ಟಿಲಿತ್ತು. ಮೊದಲು ಕೋಡಂಗಿ, ಆಮೇಲೆ ಬಾಲಗೋಪಾಲ, ಆಮೇಲೆ ಎಳೆಯ ವೀರರ ಪುಂಡುವೇಷ, ಹೀಗೆ ಮೇಲೆ ಮೇಲೆ. ನನಗೆ ಚಿಕ್ಕಂದಿನಲ್ಲಿ ಬಣ್ಣದ ವೇಷ, ಎಂದರೆ ರಾಕ್ಷಸನ ವೇಷ, ಕಟ್ಟುವ ಆಸೆ. ಶಾಲೆಯ ವಾರ್ಷಿಕೋತ್ಸವದಲ್ಲಿ ಕೋಡಂಗಿ ಕಟ್ಟಿಸಿದರು. ಮುಂದಿನ ವರ್ಷವೂ ಕೋಡಂಗಿಯೇ. ಮೂರನೆಯ ವರ್ಷ ಮಾಸ್ತರರು, “ನೀನು ಚಕ್ರತಾಳ ಹಿಡ್ಕೋ ಮಗಾ, ಅದರಲ್ಲಿ ಬೀಳ್ಲಿಕ್ಕೆ ಎಂತ ಇಲ್ಲ,” ಎಂದರು. ಬಡ್ತಿಯ ವಿಷಯದಲ್ಲಿ ನನಗಿರುವ ಆಸಕ್ತಿಗೆ ಬೇರು ಅಲ್ಲಿರಬೇಕು. ಆದರೂ ಒಂದು ಮಾತು ಅಂದೇ ಮನಸ್ಸಿನಲ್ಲಿ ಕೂತಿತ್ತು: ಕಿರೀಟದವರೆಲ್ಲ ಕುಣಿಯುವುದು ಭಾಗವತರು ಹಾಡಿದರೆ ಮಾತ್ರ.

ಇನ್ನು ಮಗಳ ಸಂಗತಿ. ಕೊಚ್ಚಿಗೆ ಬಂದಾಗ ಅನಘಾಳಿಗೆ ಏಳು ವರ್ಷ. ಶಾಲೆಗೆ ಸೇರಿಸಿದೆವು. ಓಣಂ ರಜೆ ಶುರುವಾಗುವಾಗ ಕನ್ನಡ ಮಾತಾಡುತ್ತಿದ್ದಳು, ರಜೆ ಮುಗಿಯುವಾಗ ಮಲಯಾಳಕ್ಕೆ ಹೋಗಿಯಾಗಿತ್ತು. ನಾನು “ಊಟ ಆಯ್ತಾ ಮಗಾ?” ಎಂದರೆ ಅವಳು “ಕಳಿಚ್ಚು,” ಉಂಡೆ ಎಂದು. ನಾನು ಹೇಳಿದ್ದೆಲ್ಲ ಅವಳಿಗೆ ಅರ್ಥವಾಗುತ್ತಿತ್ತು. ಉತ್ತರ ಮಾತ್ರ ಬೇರೆ ಬಾಗಿಲಿನಿಂದ ಬರುತ್ತಿತ್ತು. ಕನ್ನಡದಲ್ಲಿ ಕೇಳಿದರೆ ಮಾತ್ರ ಟಿವಿ ಎಂದು ಒಂದು ಆಜ್ಞೆ ಹೊರಡಿಸಿದೆ. ಅವಳು ಟಿವಿ ನೋಡುವುದನ್ನೇ ಬಿಟ್ಟಳು.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಮಲಯಾಳದ ಕ್ರಿಯಾಪದಕ್ಕೆ ಗಂಡು ಹೆಣ್ಣು ಎಂಬ ಭೇದವಿಲ್ಲ. ಹಾಗಾಗಿ ಅವಳು ಯಾವಾಗಲಾದರೂ ಧೈರ್ಯ ಮಾಡಿ ಕನ್ನಡ ಆಡಿದರೆ “ಅಮ್ಮ ಬಂದ”, “ಅಜ್ಜಿ ಫೋನ್ ಮಾಡಿದ” ಎನ್ನುತ್ತಿದ್ದಳು. ನಾನು ಕೈಯಲ್ಲಿ ಕೆಂಪು ಪೆನ್ನು ಹಿಡಿದು ಬದುಕಿದವನು. ಬಂದ ಅಲ್ಲ, ಬಂದಳು. ಮಾಡಿದ ಅಲ್ಲ, ಮಾಡಿದರು ಎಂದು ಆಗಿಂದಾಗಲೇ ತಿದ್ದುತ್ತಿದ್ದೆ. “ಅವಳು ಬಾಯಿ ಬಿಡುವಷ್ಟಾದರೂ ಬಿಡಿ,” ಎಂದು ಜಯಂತಿ ಹೇಳುತ್ತಿದ್ದಳು. ನಾನು ಬಿಡಲಿಲ್ಲ. ಅವಳು ಬಾಯಿ ಮುಚ್ಚಿದಳು. ಮನೆಯಲ್ಲಿ ಕನ್ನಡವೆಂದರೆ ನಾನು ಮತ್ತು ಜಯಂತಿ ಜಗಳವಾಡುವ ಭಾಷೆ ಎಂಬಲ್ಲಿಗೆ ಬಂದು ನಿಂತಿತು. ಇದು ನನ್ನನ್ನು ಒಳಗೊಳಗೇ ಕೊರೆಯುತ್ತಿತ್ತು.

ಕೆಲವು ವರ್ಷಗಳ ನಂತರ ತಿರುವನಂತಪುರಕ್ಕೆ ವರ್ಗವಾಯಿತು. ಕ್ವಾರ್ಟರ್ಸಿನಲ್ಲಿ ನಮ್ಮ ಕೆಳಗಿನ ಮನೆಯವರ ಯಜಮಾನರು ಬೆಳಿಗ್ಗೆ ಕಚೇರಿ ಬಸ್ಸು ಹಿಡಿದು ತುಂಬಾ ಎಂಬ ಊರಿಗೆ ಹೋಗುತ್ತಿದ್ದರು. ರಾಕೆಟ್ಟಿನ ಕೆಲಸ. ಅವರ ಮಗ ಬೇಸಿಲ್ ಇಂಜಿನಿಯರಿಂಗ್ ಓದುತ್ತಿದ್ದ. ಒಂದು ದಿನ ನಮ್ಮ ಕಪಾಟಿನಲ್ಲಿ ಆ ಕಂದು ಕಾಗದದ ಪುಸ್ತಕವನ್ನು ಕಂಡು ಅವನು ಚಪ್ಪಲಿ ಬಿಟ್ಟು ಒಳಗೆ ಬಂದ. “ಅಂಕಿಳೇ, ಇದು ಎಲ್ಲಿಂದ?” ಎಂದು ಅವನು ಮಲಯಾಳದಲ್ಲಿ ಕೇಳಿದ ದನಿಯಲ್ಲಿ ಭಕ್ತಿ ಇತ್ತು. ಅವನ ಹತ್ತಿರ ಮೂರನೆಯ ಎಡಿಷನ್ ಇತ್ತು. ಇಂಟರ್ನೆಟ್ ಕೆಫೆಯಲ್ಲಿ ಕೂತು ಪ್ರಿಂಟು ತೆಗೆದು ಸ್ಪೈರಲ್ ಹಾಕಿಸಿದ್ದು.

ಆಮೇಲೆ ಶನಿವಾರ ಮಧ್ಯಾಹ್ನಗಳು ನಮ್ಮ ಮನೆಯಲ್ಲಿ. ಕಥೆ ನಡೆಸುವವನು ಬೇಸಿಲ್. ಆಡುವವರು ಅವನ ತಂಗಿ ಟ್ರೀಸಾ, ಅವನ ಗೆಳೆಯ ನಿಷಾದ್, ಮತ್ತು ನಮ್ಮ ಅನಘಾ. ನಮ್ಮ ಮನೆಯೇ ಯಾಕೆಂದರೆ ಮೇಜು ದೊಡ್ಡದು, ಜಯಂತಿಯ ಗೋಳಿಬಜೆ ಬಿಸಿ. ನಿಷಾದನ ಮನೆಯವರದ್ದು ಚಾಲೈ ಪೇಟೆಯಲ್ಲಿ ಪಾತ್ರೆಯ ಅಂಗಡಿ. ಚಾಲೈಯಲ್ಲಿ ಸಿಗದ ವಸ್ತುವಿಲ್ಲ ಎಂಬ ನಂಬಿಕೆಯಿಂದ ನಾನೊಮ್ಮೆ ಅವನ ಜತೆ ಇಪ್ಪತ್ತು ಮುಖದ ದಾಳ ಹುಡುಕಿಕೊಂಡು ಆ ಬೀದಿಯುದ್ದಕ್ಕೂ ನಡೆದೆ. ಒಬ್ಬ ಅಂಗಡಿಯವನು ಆರು ಮುಖದ ದಾಳಗಳ ಪೊಟ್ಟಣವನ್ನೇ ಮುಂದಿಟ್ಟು, ಮೂರೂವರೆ ತೆಗೆದುಕೊಂಡರೆ ಇಪ್ಪತ್ತೊಂದು ಮುಖ ಆಗುತ್ತದೆ, ಒಂದು ನಿಮಗೆ ಲಾಭ ಎಂದ.

ಮಕ್ಕಳು ಸೇರುವುದಕ್ಕಿಂತ ಅರ್ಧ ಗಂಟೆ ಮೊದಲೇ ಬೇಸಿಲ್ ಬರುತ್ತಿದ್ದ. ಅವನ ಸ್ಪೈರಲ್ಲು, ನನ್ನ ಕಂದು ಪುಸ್ತಕ, ಎದುರು ಬದುರು ತೆರೆದು ನಾವಿಬ್ಬರೂ ಕ್ಲಾಸ್ ಕ್ಲಾಸಾಗಿ ತಾಳೆ ನೋಡುತ್ತಿದ್ದೆವು. ಮೂರನೆಯದರಲ್ಲಿ ಎಲ್ಲ ಕ್ಲಾಸಿಗೂ ಬಡ್ತಿಯ ಕೋಷ್ಟಕ ಒಂದೇ. ಇದು ಸುಧಾರಣೆ ಎಂದು ಒಪ್ಪಿದೆ. ಎಲ್ಫುಗಳ ಮೇಲಿನ ಮಿತಿಯನ್ನೂ ತೆಗೆದಿದ್ದರು. ಅದೂ ನ್ಯಾಯವೇ. ಆದರೆ ಒಬ್ಬನೇ ಮನುಷ್ಯ ಒಂದು ಮೆಟ್ಟಿಲು ಯೋಧನಾಗಿ, ಎರಡು ಮೆಟ್ಟಿಲು ಕಳ್ಳನಾಗಿ, ಮತ್ತೊಂದು ಮಾಂತ್ರಿಕನಾಗಿ ಬೇಕಾದಂತೆ ಓಡಾಡಬಹುದೆಂಬ ನಿಯಮ ನನಗೆ ಹಿಡಿಸಲಿಲ್ಲ. “ಡೆಪ್ಯುಟೇಶನ್ನಿಗೂ ಒಂದು ಲೆಕ್ಕ ಬೇಡವೇ ಬೇಸಿಲ್?” ಎಂದರೆ ಅವನು ಸ್ವಾತಂತ್ರ್ಯ ಎನ್ನುತ್ತಿದ್ದ. ಇನ್ನೊಂದು ದೋಷವನ್ನು ಅವನೇ ತೋರಿಸಿದ. ಹತ್ತು ಮೆಟ್ಟಿಲು ದಾಟಿದ ಮೇಲೆ ಮಾಂತ್ರಿಕ ಒಬ್ಬನೇ ಎಲ್ಲ ಮಾಡಿಬಿಡುತ್ತಾನೆ, ಯೋಧ ಕತ್ತಿ ಹಿಡಿದು ಜತೆಗೆ ನಡೆಯುತ್ತಾನೆ, ಅಷ್ಟೆ. ಕಂಪ್ಯೂಟರ್ ಬಂದ ಮೇಲೆ ನಮ್ಮ ಟೈಪಿಸ್ಟರ ಗತಿ ನನಗೆ ನೆನಪಾಯಿತು.

ಬಾರ್ಡ್ ಮಾತ್ರ ಈಗ ನೇರ ಭರ್ತಿ. ಹಾಡುತ್ತ ಜತೆಗಾರರಿಗೆ ಹುಮ್ಮಸ್ಸು ಕೊಡುವುದು, ಹಾಡಿನಲ್ಲೇ ಮಂತ್ರ ಹಾಕುವುದು ಅವನ ಕೆಲಸ. ಯಾರಿಗೂ ಬೇಡದ ಕ್ಲಾಸು. “ಎಲ್ಲ ಸ್ವಲ್ಪ ಸ್ವಲ್ಪ ಗೊತ್ತು, ಯಾವುದೂ ಪೂರ್ತಿ ಇಲ್ಲ,” ಎಂದು ನಿಷಾದ್ ಮೂಗು ಮುರಿದ. ಅನಘಾ ಕೊನೆಗೆ ಬಂದವಳು, ಉಳಿದದ್ದು ಅವಳಿಗೆ ಬಂತು. ಅವಳು ಎಲ್ಫ್ ಜಾತಿಯ ಬಾರ್ಡ್ ಆದಳು. ವಯಸ್ಸು ನೂರ ಹನ್ನೆರಡು, ಎಲ್ಫುಗಳಲ್ಲಿ ಅದು ಮೀಸೆ ಚಿಗುರುವ ಪ್ರಾಯವಂತೆ.

ಬೇಸಿಲ್ ಕಟ್ಟುನಿಟ್ಟಿನವನು. ಬಾರ್ಡಿನ ಮಂತ್ರವನ್ನು ಬಾಯಿಬಿಟ್ಟು ಹೇಳಲೇಬೇಕು, ಸುಮ್ಮನೆ ‘ಮಂತ್ರ ಹಾಕಿದೆ’ ಎಂದರೆ ಆಗದು, ಎಲ್ಫುಗಳ ಭಾಷೆಯಲ್ಲಿ ಹೇಳು ಎಂದ. ಎಲ್ವಿಷ್ ಎಂಬ ಭಾಷೆ ತಿರುವನಂತಪುರದಲ್ಲಿ ಯಾರಿಗೆ ಬರುತ್ತದೆ? ಒಳಗಿನ ಕೋಣೆಯಲ್ಲಿ ಫೈಲು ನೋಡುತ್ತಿದ್ದ ನನಗೆ ಗಂಭೀರವಾದ, ರಾಗವಾಗಿ ಎಳೆದ ಒಂದು ದನಿ ಕೇಳಿಸಿತು.

“ಮಲಗು, ಮಲಗು, ಮಂಗ. ನಾಳೆ ಶಾಲೆ ಉಂಟು. ಹಲ್ಲು ಉಜ್ಜಿದೆಯಾ ಇಲ್ಲವಾ?”

ದಾಳ ಉರುಳಿತು. ಮೂವರು ದರೋಡೆಕೋರರು ನಿಂತಲ್ಲೇ ನಿದ್ದೆ ಹೋದರೆಂದು ಬೇಸಿಲ್ ಘೋಷಿಸಿದ. ನಾನು ಪೆನ್ನು ಕೆಳಗಿಟ್ಟೆ. ಅಷ್ಟು ಉದ್ದದ ಕನ್ನಡವನ್ನು ನಾನು ಅವಳ ಬಾಯಲ್ಲಿ ಕೇಳಿ ನಾಲ್ಕು ವರ್ಷವಾಗಿತ್ತು. ಅಡುಗೆಮನೆಯ ಬಾಗಿಲಲ್ಲಿ ಜಯಂತಿ ಕೈಯಲ್ಲಿ ಸಟ್ಟುಗ ಹಿಡಿದು ನಿಂತಿದ್ದಳು. ನಾನೆಲ್ಲಿ ಹೋಗಿ ಮಗಳನ್ನು ಮಾತಾಡಿಸಿಬಿಡುತ್ತೇನೋ ಎಂದು ಅವಳು ನನ್ನನ್ನು ಕಣ್ಣಿನಲ್ಲೇ ಹೆದರಿಸಿದಳು.

ಅಲ್ಲಿಂದ ಪ್ರತಿ ಶನಿವಾರ ನಾನು ಒಳಕೋಣೆಯಲ್ಲಿ ಫೈಲು ಹರವಿಕೊಂಡು ಕೂರುವುದು, ಒಂದು ಪುಟವನ್ನೂ ತಿರುಗಿಸದಿರುವುದು. ಗಾಯ ಮಾಯುವ ಮಂತ್ರ: “ಒಂದು ಲೋಟ ಮಜ್ಜಿಗೆ ಕುಡಿ ಮಗಾ, ಎಲ್ಲ ಸರಿ ಆಗ್ತದೆ.” ಶತ್ರುವನ್ನು ಹೆದರಿಸುವ ಮಂತ್ರ: “ಅಪ್ಪ ಬರ್ಲಿ, ಹೇಳ್ತೇನೆ.” ಬಾಗಿಲು ತೆರೆಯುವ ಮಂತ್ರ ಅವಳ ಅಜ್ಜಿ ಫೋನಿನಲ್ಲಿ ವಾರವಾರ ಕೇಳುವ ಮಾತು: “ಅಲ್ಲಿ ಮಳೆ ಉಂಟಾ? ಇಲ್ಲಿ ಒಂದು ಹನಿ ಇಲ್ಲ.” ಯುದ್ಧದಲ್ಲಿ ಹುಮ್ಮಸ್ಸು ಕೊಡುವ ಹಾಡು ಬೇರೇನೂ ಅಲ್ಲ, ನನ್ನ ಬೈಗುಳ: “ಏಳು, ಏಳು, ಗಂಟೆ ಎಷ್ಟಾಯ್ತು, ಸೂರ್ಯ ನೆತ್ತಿಗೆ ಬಂತು.” ನಾನು ಹೇಳಿದ್ದು ಒಂದೂ ವ್ಯರ್ಥವಾಗಿರಲಿಲ್ಲ. ಎಲ್ಲ ಒಳಗೆ ಹೋಗಿ ಕೂತಿತ್ತು. ಇಷ್ಟು ವರ್ಷ ಅವಳಿಗೆ ಬೈಗುಳವನ್ನಲ್ಲದೆ ಬೇರೆ ಕನ್ನಡವನ್ನೇ ಕೊಡಲಿಲ್ಲವಲ್ಲ ಎಂದು ನಾಚಿಕೆಯೂ ಆಯಿತು, ಖುಷಿಯೂ ಆಯಿತು. “ರಾಜಕುಮಾರಿ ಸತ್ತ” ಎಂದು ಅವಳು ಶೋಕಗೀತೆ ಹಾಡಿದ ದಿನ ನಾನು ನಾಲಿಗೆ ಕಚ್ಚಿಕೊಂಡು ಕೂತೆ, ತಿದ್ದಲಿಲ್ಲ. ನನ್ನ ಜೀವಮಾನದಲ್ಲಿ ಅದೊಂದು ಸಣ್ಣ ಬಡ್ತಿ.

ಒಂದೇ ಒಂದು ಸಲ ಸಿಕ್ಕಿಬೀಳುವುದರಲ್ಲಿದ್ದೆ. ಅವರು ಯಾವುದೋ ಕೋಟೆಯ ಸೆರೆಮನೆ ಹೊಕ್ಕಿದ್ದರು. ಅಲ್ಲಿ ಎಲ್ಫ್ ಜಾತಿಯ ಮುದಿ ಕಾವಲುಗಾರ. ಕೈದಿಗಳ ಯಾದಿ ಕೇಳಬೇಕಾಗಿ ಅನಘಾ ಗತ್ತಿನಿಂದ, “ಅಜ್ಜ, ಪಟ್ಟಿ ಕೊಡು,” ಎಂದಳು. ಬೇಸಿಲ್‌ಗೆ ಎಲ್ವಿಷ್ ಬರದು, ಆದರೆ ಪಟ್ಟಿ ಎಂಬ ಮಾತು ಅವನ ಕಿವಿಗೆ ತನ್ನ ಭಾಷೆಯದ್ದಾಗಿಯೇ ಬಿತ್ತು. ಅವನು ದಾಳ ಉರುಳಿಸಿ, ಕಾವಲುಗಾರ ಒಳಗೆ ಹೋಗಿ ಒಂದು ನಾಯಿಯನ್ನು ತಂದು ಕೊಟ್ಟ ಎಂದ. ನಾನು ಒಳಗೆ ಫೈಲನ್ನು ಬಾಯಿಗೆ ಒತ್ತಿಕೊಂಡೆ. ಅನಘಾ ಹೊಟ್ಟೆ ಹಿಡಿದುಕೊಂಡು ನಕ್ಕಳು, ಯಾಕೆಂದು ಹೇಳಲಿಲ್ಲ. ಹೇಳಿದರೆ ಎಲ್ವಿಷಿನ ಗುಟ್ಟು ಬಯಲಾಗುತ್ತಿತ್ತು. ಅದು ನಾವು ಮನೆಯಲ್ಲಿ ಆಡುವ ಭಾಷೆ ಎಂದು ಆ ಹುಡುಗರಿಗೆ ಅರೆಬರೆ ಗೊತ್ತಿದ್ದರೂ ಎಲ್ಲರೂ ಗೊತ್ತಿಲ್ಲದಂತೆ ಆಡುತ್ತಿದ್ದರು. ಆಟವೆಂದರೆ ಅದೇ ತಾನೆ. ಆ ನಾಯಿ ಮುಂದೆ ಎರಡು ವರ್ಷ ಅವರ ದಂಡಿನ ಜತೆ ನಡೆಯಿತು, ಒಂದು ಸಲ ಮಾಂತ್ರಿಕನ ಪ್ರಾಣವನ್ನೂ ಉಳಿಸಿತು.

ಹೀಗೆ ಸುಖವಾಗಿರುವಾಗ ನಾಲ್ಕನೆಯ ಎಡಿಷನ್ ಬಂತು.

ಬೇಸಿಲ್ ಅದನ್ನು ತಂದ ದಿನ ನನಗೇ ಮೊದಲು ತೋರಿಸಿದ. ಅಚ್ಚುಕಟ್ಟೆಂದರೆ ಅಚ್ಚುಕಟ್ಟು. ಎಲ್ಲ ಕ್ಲಾಸಿಗೂ ಒಂದೇ ಅಚ್ಚು. ಯಾವಾಗ ಬೇಕಾದರೂ ಬಳಸುವ ವಿದ್ಯೆ ಇಷ್ಟು, ಕಾಳಗಕ್ಕೊಮ್ಮೆ ಬಳಸುವುದು ಇಷ್ಟು, ದಿನಕ್ಕೊಮ್ಮೆ ಬಳಸುವುದು ಇಷ್ಟು. ಯೋಧನಿಗೂ ಹಾಗೆಯೇ, ಮಾಂತ್ರಿಕನಿಗೂ ಹಾಗೆಯೇ. ಯೋಧನ ಹಳೆಯ ದುಃಖ ಪರಿಹಾರವಾಗಿತ್ತು. ಆದರೆ ಕತ್ತಿಯ ಒಂದು ಏಟನ್ನು ದಿನಕ್ಕೊಮ್ಮೆ ಮಾತ್ರ ಹೊಡೆಯಬಹುದು ಎಂದರೆ ಏನರ್ಥ? “ಕ್ಯಾಶುವಲ್ ಲೀವಿನ ಹಾಗೆಯೋ?” ಎಂದೆ. ಅವನು ಬ್ಯಾಲೆನ್ಸ್ ಎಂದ. ಪುಟ ತಿರುಗಿಸಿದೆ. ಪುರೋಹಿತ ಇದ್ದ, ಕಳ್ಳ ಇದ್ದ, ದಳಪತಿ ಎಂಬ ಹೊಸಬನೊಬ್ಬ ಇದ್ದ. ಮತ್ತೆ ಮೊದಲಿನಿಂದ ನೋಡಿದೆ.

“ಬೇಸಿಲ್, ಬಾರ್ಡ್ ಎಲ್ಲಿ?”

“ಇಲ್ಲ ಅಂಕಿಳೇ. ಈ ಪುಸ್ತಕದಲ್ಲಿ ಇಟ್ಟಿಲ್ಲ. ಮುಂದೆ ಯಾವಾಗಲೋ ಬರುತ್ತದಂತೆ.”

ಮುಂದೆ ಯಾವಾಗಲೋ ಎಂಬ ಮಾತನ್ನು ಸರಕಾರಿ ನೌಕರನಿಗೆ ಹೇಳಬಾರದು. ನಾನು ಲೆಕ್ಕ ಹಾಕಿದೆ. ಬಾರ್ಡ್ ಹೋದರೆ ಎಲ್ಫಿನ ಮಂತ್ರವಿಲ್ಲ. ಮಂತ್ರವಿಲ್ಲದಿದ್ದರೆ ಎಲ್ವಿಷ್ ಇಲ್ಲ. ಎಲ್ವಿಷ್ ಹೋದರೆ ಈ ಮನೆಯಲ್ಲಿ ನನ್ನ ಮಗಳ ಬಾಯಲ್ಲಿ ಉಳಿದ ಕನ್ನಡವೂ ಹೋಯಿತು. ವಾರಕ್ಕೆ ಮೂರು ಗಂಟೆ ಅದು ನನಗೆ ಸಿಗುತ್ತಿತ್ತು, ಯಾವನೋ ಎಲ್ಲಿಯೋ ಕೂತು ಒಂದು ಪುಟ ಬಿಟ್ಟದ್ದಕ್ಕೆ ಅದು ನಿಂತುಹೋಗುವುದೇ?

ಮರುದಿನ ಕಚೇರಿಯ ಊಟದ ಬಿಡುವಿನಲ್ಲಿ ಕೂತು ಒಂದೂವರೆ ಪುಟದ ಮನವಿ ಬರೆದೆ. ಕೇಡರ್ ಪುನರ್ರಚನೆಯಲ್ಲಿ ಹುದ್ದೆ ರದ್ದಾದರೂ ಆ ಹುದ್ದೆಯಲ್ಲಿ ಈಗಾಗಲೇ ಇರುವವರನ್ನು ಹೊರಗೆ ಹಾಕುವಂತಿಲ್ಲ. ಅವರು ನಿವೃತ್ತರಾಗುವ ತನಕ ಅದನ್ನು ವೈಯಕ್ತಿಕವಾಗಿ ಮುಂದುವರಿಸತಕ್ಕದ್ದು. ಏಳನೆಯ ಮೆಟ್ಟಿಲಿನ ಬಾರ್ಡಿಗೂ ಈ ರಕ್ಷಣೆ ಅನ್ವಯವಾಗತಕ್ಕದ್ದು. ಹಳೆಯ ಎಡಿಷನ್ನಿನಲ್ಲಿ ಮೂರು ಕೆಲಸ ಕಲಿತ ಮೇಲೆಯೇ ಸಿಗುತ್ತಿದ್ದ ಹಿರಿಯ ಹುದ್ದೆ ಇದೆಂದು ಪುಟಸಂಖ್ಯೆ ಸಮೇತ ನಮೂದಿಸಿದೆ. ನನ್ನ ಸೇವೆಯಲ್ಲಿ ಅಷ್ಟು ಚೆಂದದ ಟಿಪ್ಪಣಿಯನ್ನು ನಾನು ಬೇರೆ ಯಾರಿಗೂ ಬರೆದಿಲ್ಲ.

ಶನಿವಾರ ಎಲ್ಲರೂ ಕೂತ ಮೇಲೆ ಅದನ್ನು ಬೇಸಿಲ್ ಕೈಗೆ ಕೊಟ್ಟೆ. ಅವನು ಗೌರವದಿಂದ ಪೂರ್ತಿ ಓದಿದ. ನಿಷಾದ್ ಅವನ ಭುಜದ ಮೇಲಿಂದ ಓದಿದ. ಟ್ರೀಸಾ ತುಟಿ ಕಚ್ಚಿಕೊಂಡಳು. ಅನಘಾ ಹಾಳೆಯನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ಹದಿನಾಲ್ಕು ತುಂಬಿದ ಹುಡುಗಿ.

“ಅಪ್ಪ ಎಲ್ಲಾಂ ಕೇಳ್ಕುಮಾಯಿರುನ್ನೋ?” ಎಂದಳು. ಅಪ್ಪ ಎಲ್ಲ ಕೇಳಿಸಿಕೊಳ್ಳುತ್ತಿದ್ದರೋ, ಇಷ್ಟು ದಿನ?

ನನಗೆ ಸುಳ್ಳು ಹೇಳಲು ಬರುವುದಿಲ್ಲವೆಂದಲ್ಲ, ಹೊತ್ತಿಗೆ ಸರಿಯಾಗಿ ಬರುವುದಿಲ್ಲ. “ಹೌದು ಮಗಾ,” ಎಂದೆ.

ಅವಳ ಕಿವಿ ಕೆಂಪಾಯಿತು. ಬೇಸಿಲ್ ಏನೋ ಹೇಳಲು ಹೊರಟ, ಹಳೆಯ ಬಾರ್ಡನ್ನೇ ಹೊಸ ನಿಯಮಕ್ಕೆ ಹೊಂದಿಸಿ ಕೊಡಬಹುದು ಎಂದೋ ಏನೋ. ಅವಳು ತಡೆದಳು. “ವೇಂಡ. ಎನಿಕ್ಕ್ ಫೈಟರ್ ಮದಿ,” ಎಂದಳು. ಬಾರ್ಡ್ ಬೇಡ, ಯೋಧ ಸಾಕು. ನನ್ನ ಮನವಿ ಅರ್ಜಿದಾರಳಿಂದಲೇ ವಜಾ ಆಯಿತು.

ಆ ವಾರ ನಾನು ನಿಜವಾಗಿ ಬೇಸರದಲ್ಲಿದ್ದೆ. ಮೊದಲು ತಿದ್ದಿ ತಿದ್ದಿ ಅವಳ ಕನ್ನಡ ಕಳೆದೆ, ಈಗ ಕದ್ದು ಕೇಳಿ ಕಳೆದೆ. “ನೀವು ಸುಮ್ಮನೆ ಕೂತಿದ್ದರೆ ಆಗ್ತಿತ್ತು,” ಎಂದು ಜಯಂತಿ ಹೇಳಿದಳು. ಅವಳು ಹೇಳುವುದು ಯಾವಾಗಲೂ ಸರಿ, ಹೇಳುವ ಹೊತ್ತು ಮಾತ್ರ ಕೆಲಸ ಕೆಟ್ಟ ಮೇಲೆ. ಅನಘಾ ಊಟಕ್ಕೆ ಬಂದಳು, ಉಂಡಳು, ಎದ್ದಳು. ನಾನು ಕೇಳಿದರೆ ಉತ್ತರ ಕೊಟ್ಟಳು, ಒಂದೊಂದೇ ಪದ, ಎಲ್ಲ ಮಲಯಾಳ. ನಾನು ಕೇಳುವುದನ್ನೇ ಕಡಿಮೆ ಮಾಡಿದೆ.

ಮುಂದಿನ ಶನಿವಾರ ಹೊಸ ಎಡಿಷನ್ನಿನ ಮೊದಲ ಆಟ. ಒಳಕೋಣೆಯಲ್ಲಿ ಕೂರುವ ಹಕ್ಕು ನನಗೆ ಉಳಿದಿರಲಿಲ್ಲ. ಅಡುಗೆಮನೆಗೆ ಹೋಗಿ ಜಯಂತಿಯ ಕೈಯಿಂದ ಜಾಲರಿ ಸೌಟು ಇಸಿದುಕೊಂಡು, ಇವತ್ತು ಗೋಳಿಬಜೆ ನಾನೇ ಕರಿಯುತ್ತೇನೆ ಎಂದೆ. ಎಣ್ಣೆಯ ಸದ್ದಿನಲ್ಲಿ ಏನೂ ಕೇಳಿಸದಿರಲಿ ಎಂಬುದು ನನ್ನ ಉದ್ದೇಶ. ಆದರೆ ನಮ್ಮ ಕ್ವಾರ್ಟರ್ಸಿನ ಗೋಡೆಗಳು ಟೆಂಡರಿನಲ್ಲಿ ಕಟ್ಟಿದವು.

ಅನಘಾಳ ಯೋಧೆ ಮರಳುಗಾಡಿನಿಂದ ಬಂದ ಮನುಷ್ಯ ಜಾತಿಯವಳು. ಎಲ್ಫ್ ಅಲ್ಲ, ಹಾಡು ಬರುವುದಿಲ್ಲ, ಗೊತ್ತಿರುವುದು ಆ ಲೋಕದ ಎಲ್ಲರೂ ಆಡುವ ಸಾಮಾನ್ಯ ಭಾಷೆ ಒಂದೇ. ಆಟ ಅರ್ಧ ಇಂಗ್ಲಿಷಿನಲ್ಲಿ, ಅರ್ಧ ಮಲಯಾಳದಲ್ಲಿ ಚೆನ್ನಾಗಿಯೇ ಸಾಗಿತ್ತು. ಯಾವುದೋ ಸೇತುವೆಯ ಮೇಲೆ ಕಾಳಗ. ದಳಪತಿ ಬಿದ್ದಿದ್ದ, ಮಾಂತ್ರಿಕ ಬಿದ್ದಿದ್ದ, ಅವಳೊಬ್ಬಳೇ ಉಳಿದಿದ್ದಳು. ದಿನಕ್ಕೊಮ್ಮೆ ಹೊಡೆಯಬಹುದಾದ ಆ ಏಟನ್ನು ಅವಳು ಈಗ ತೆಗೆದಳು. ದಾಳ ಬಹಳ ಹೊತ್ತು ಉರುಳಿತು. ಒಂದು ಬಿತ್ತು, ಇಪ್ಪತ್ತರಲ್ಲಿ ಅತಿ ಕೆಟ್ಟದ್ದು.

“ಇದರ ಗ್ರಾಚಾರವೇ,” ಎಂದಳು ಅನಘಾ. “ಎಂತ ಸಾವು ಮಾರಾಯ, ಆಗಿಂದ ಒಂದಾದರೂ ನೆಟ್ಟಗೆ ಬಿದ್ದದ್ದುಂಟಾ?”

ಹಾಡಲ್ಲ, ಮಂತ್ರವಲ್ಲ, ರಾಗ ಎಳೆದದ್ದೂ ಅಲ್ಲ. ಅವಳಿಗೆ ಬಾಯಿಗೆ ಬಂದದ್ದು.

ಬೇಸಿಲ್ ನಿಯಮದ ಮನುಷ್ಯ. “ಫೈಟರಿನ್ ಎಲ್ವಿಷ್ ಅರಿಯಿಲ್ಲಲ್ಲೋ,” ಎಂದು ನೆನಪು ಮಾಡಿದ. ಯೋಧನಿಗೆ ಎಲ್ವಿಷ್ ಬರುವುದಿಲ್ಲವಲ್ಲ.

“ಇದ್ ಎಲ್ವಿಷ್ ಅಲ್ಲ,” ಎಂದಳು ಅವಳು. “ಎಂಡೆ ಭಾಷಯಾ.”

ನನ್ನ ಭಾಷೆ ಎಂದು ಹೇಳಿದಳು, ಹೇಳಿದ್ದು ಮಲಯಾಳದಲ್ಲಿ. ನಾನು ಸೌಟು ಹಿಡಿದುಕೊಂಡು ನಿಂತೇ ಇದ್ದೆ. ಬಾಣಲೆಯಲ್ಲಿದ್ದದ್ದೆಲ್ಲ ಕರಟಿಹೋಯಿತು, ಜಯಂತಿ ಬಂದು ಒಲೆ ಆರಿಸಿ, ಕರಟಿದ್ದರಲ್ಲೇ ಒಂದನ್ನು ಬಾಯಿಗೆ ಹಾಕಿಕೊಂಡಳು.